ತೊಳೆಬೇರಿಗೆ ಕೈ ಹಿಡಿದವರು

ನನ್ನ ಅಕ್ಕ ದಾಕ್ಷಾಯಣಿ ನನಗಾಗಿ ಕೈ ಹಿಡಿದು ಕೂತಾಗ ಅವಳಿಗೆ ಇಪ್ಪತ್ಮೂರು ವರ್ಷ, ನನಗೆ ಹತ್ತೊಂಬತ್ತು. ನಮ್ಮೂರಲ್ಲಿ ಅದು ಹೊಸ ಸಂಗತಿಯೇನಲ್ಲ. ತೊಳೆಬೇರಿನ ಸಾರ ಹಚ್ಚಿಕೊಂಡು ಕೂತವರ ಮಣಿಕಟ್ಟನ್ನು ಒಡಹುಟ್ಟಿದವರೋ ಹೆತ್ತವರೋ ಹಿಡಿದುಕೊಂಡಿರಬೇಕು. ಸಾರ ಒಣಗಿದ ಮೇಲೆ ನೀರು ಹಾಕಿ ತೊಳೆದರೆ ಕೂತವರ ಮೈಯಿಂದ ಇಳಿದ ಬಣ್ಣ ಹಿಡಿದವರ ಮೈಗೆ ಏರುತ್ತದೆ. ಹಿಡಿಯುವವರಿಲ್ಲದೆ ಹಚ್ಚಿಕೊಂಡರೆ ಸಾರವೂ ಒಂದೇ, ಬಾವಿಯ ನೀರೂ ಒಂದೇ. ಬಲವಂತದಿಂದ ಹಿಡಿಸಿದರೂ ಅಷ್ಟೆ. ಮನಸ್ಸಿಲ್ಲದ ಕೈಗೆ ಬಣ್ಣ ಏರುವುದಿಲ್ಲ.

ಹೀಗಾಗಿ ಕೈ ಹಿಡಿದವರನ್ನು ನಮ್ಮೂರಲ್ಲಿ ಯಾರೂ ಹೊಗಳುತ್ತಿರಲಿಲ್ಲ, ಮರುಗುತ್ತಲೂ ಇರಲಿಲ್ಲ. ಏರಿತು ಎಂದರೆ ಅವರಿಗೆ ಮನಸ್ಸಿತ್ತು, ಇಷ್ಟಪಟ್ಟು ಕೊಟ್ಟರು, ಮುಗಿಯಿತು. ಮುಂದೆ ಆ ಮಾತು ಎತ್ತುವ ಹಕ್ಕು ಅವರಿಗೂ ಇರಲಿಲ್ಲ.

ಊರ ಹಿಂದಿನ ಕಲ್ಲುಬೋರೆಯಲ್ಲಿ ತೊಳೆಬೇರು ತಾನಾಗಿ ಬೆಳೆಯುತ್ತದೆ. ಮೊಣಕಾಲೆತ್ತರದ ಗಿಡ, ಬೂದುಬಣ್ಣದ ಎಲೆ, ನೆಲದೊಳಗೆ ಹೆಬ್ಬೆರಳು ದಪ್ಪದ ಬೇರು. ಅಗೆದು ತಂದ ಬೇರಿನ ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ನೆರಳಲ್ಲಿ ಒಣಗಿಸಿ, ಮೂರು ದಿನ ನೆನೆಹಾಕಿ, ತಾಮ್ರದ ಹಂಡೆಯಲ್ಲಿ ಸಣ್ಣ ಉರಿಯಲ್ಲಿ ಬತ್ತಿಸಿ ಸೋಸಿದರೆ ಜೇನಿನಷ್ಟು ಮಂದವಾದ ಸಾರ ಸಿಗುತ್ತದೆ. ಇಷ್ಟೆಲ್ಲ ನಡೆಯುವ ಉದ್ದನೆಯ ಹೆಂಚಿನ ಕಟ್ಟಡವನ್ನು ನಾವು ಸಾರದ ಮನೆ ಎನ್ನುತ್ತಿದ್ದೆವು. ಊರಿನ ಅರ್ಧದಷ್ಟು ಹೆಂಗಸರು ಅಲ್ಲೇ ಕೆಲಸ ಮಾಡುತ್ತಿದ್ದರು. ಸಾರದ ಹೆಚ್ಚಿನ ಪಾಲು ಎಣ್ಣೆ, ಮೇಣ, ಪರಿಮಳದ ಜೊತೆ ಬೆರೆತು ಗಾಜಿನ ಡಬ್ಬಿಗಳಲ್ಲಿ ಹೊರಗಿನ ಊರುಗಳಿಗೆ ಹೋಗುತ್ತಿತ್ತು. ಒಂದು ಹನಿ ಬಿದ್ದರೂ ಸಾಕು, ಆ ಎಣ್ಣೆ ವರ್ಷಗಟ್ಟಲೆ ಕಮಟು ಹಿಡಿಯದು. ಮುಖವೂ ಹಾಗೇ ಉಳಿಯುತ್ತದೆಂದು ಹೊರಗಿನವರು ನಂಬಿದ್ದರಂತೆ. ಅಲ್ಲಿ ಅದನ್ನು ಒಬ್ಬೊಬ್ಬರೇ ಹಚ್ಚಿಕೊಳ್ಳುತ್ತಾರೆ ಎಂದು ಕೇಳಿದ್ದೆವು. ಅವರಿಗೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ.

ಅಕ್ಕ ಅಲ್ಲಿ ಪರೀಕ್ಷೆಯ ಕೆಲಸಕ್ಕಿದ್ದಳು. ಹಂಡೆ ಇಳಿಸಿದಾಗಲೆಲ್ಲ ಅವಳು ಒಂದು ಎಳೆ ಬದನೆಕಾಯಿ ಕೊಯ್ದು, ಒಂದು ಹೋಳಿನ ಮೇಲೆ ಸಾರ ಸವರಿ ಇನ್ನೊಂದನ್ನು ಹಾಗೇ ಬಿಡುತ್ತಿದ್ದಳು. ಸವರದ ಹೋಳು ನೋಡನೋಡುತ್ತ ಕಂದುತ್ತದೆ. ಸವರಿದ್ದು ಎಷ್ಟು ಹೊತ್ತು ಬೆಳ್ಳಗೆ ಉಳಿಯುತ್ತದೆ ಎನ್ನುವುದರ ಮೇಲೆ ಆ ಹಂಡೆ ಹೊರಗೆ ಹೋಗಬೇಕೋ ಮತ್ತೆ ಬತ್ತಬೇಕೋ ಎಂಬ ತೀರ್ಮಾನ. ಒಂದು ಬಣ್ಣಕ್ಕೂ ಅದರ ಪಕ್ಕದ ಬಣ್ಣಕ್ಕೂ ಇರುವ ಕೂದಲೆಳೆಯ ವ್ಯತ್ಯಾಸ ಅವಳ ಕಣ್ಣಿಗೆ ಬೀಳುತ್ತಿತ್ತು. ಚಿಕ್ಕವಳಾಗಿದ್ದರೂ ಹಳಬರು ಅವಳ ಮಾತನ್ನು ಮೀರುತ್ತಿರಲಿಲ್ಲ.

ಅಕ್ಕ ಅವ್ವನ ಬಣ್ಣ, ಕಡಲೆಕಾಯಿ ಬೀಜದ ಸಿಪ್ಪೆಯಂಥ ಕೆಂಪುಗಂದು. ನಾನು ಅಪ್ಪನ ಹಾಗೆ ಕಪ್ಪು. ಅಪ್ಪ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದರಿಂದ ಅವ್ವ ನನ್ನನ್ನು ನೋಡಿದಾಗಲೆಲ್ಲ ಅವರನ್ನು ನೆನೆಯುತ್ತಿದ್ದಳು. ಆದರೆ ಮೇಲಿನ ಬೀದಿಯ ಮುದ್ರಣಾಲಯದ ಗಂಗಾಧರಯ್ಯನವರಿಗೆ ನನ್ನನ್ನು ಕೇಳಿಕೊಂಡು ಬಂದಾಗ ಅವರ ತಾಯಿ ಹೇಳಿದ್ದು ಒಂದೇ ಮಾತು: "ಹುಡುಗಿ ಲಕ್ಷಣವಾಗಿದಾಳೆ. ಕೂರಿಸಿಬಿಡಿ."

ಅವ್ವ ಆ ದಿನ ಸಂಜೆ ಅಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವ್ವನಿಗೆ ಆಗಲೇ ಉಬ್ಬಸ ಜೋರಾಗಿತ್ತು. ಅವಳು ಕೈ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಅಂಥ ಮೈಗೆ ಬಣ್ಣ ಏರಿದರೆ ಜ್ವರ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ದಾಕ್ಷಿ, ನಿನಗೆ ಆಮೇಲೆ ಹೇಗೋ ಆಗುತ್ತೆ. ಇವಳಿಗೆ ಬಂದಿರೋದು ಒಳ್ಳೇ ಮನೆ," ಎಂದಳು ಅವ್ವ.

"ಆಗ್ಲಿ ಬಿಡವ್ವ," ಎಂದಳು ಅಕ್ಕ.

ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಒಳಗೆ ಹೋಗಿ ಬೇಡ ಎನ್ನಬಹುದಿತ್ತು. ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿದರು. ಸಾರ ಹಚ್ಚುವ ಮುದುಕಿ ಮುಖ, ಕತ್ತು, ಕೈಕಾಲಿಗೆಲ್ಲ ಸವರಿದಳು. ಅಕ್ಕ ಎದುರಿಗೆ ಕೂತು ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿಕೊಂಡಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ನನಗಾಗಿ ಏನೋ ಹರಸುತ್ತಿದ್ದಾಳೆ ಎಂದುಕೊಂಡೆ. ಸಾರ ಒಣಗಿ ಚರ್ಮ ಬಿಗಿಯಿತು. ಮುದುಕಿ ಚೊಂಬಿನಿಂದ ನೀರು ಸುರಿದಳು. ನನ್ನ ತೋಳು ನನ್ನದಲ್ಲವೆಂಬಂತೆ ಬೆಳ್ಳಗೆ ಕಂಡಿತು. ಅಕ್ಕ ಕಣ್ಣು ಬಿಟ್ಟು ತನ್ನ ಎರಡೂ ಕೈ ಮುಂದೆ ಚಾಚಿ, ಬದನೆ ಹೋಳು ನೋಡುವ ಹಾಗೆ ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, "ಹಂಡೆ ಇಳಿಸೋ ಹೊತ್ತಾಯ್ತು," ಎಂದು ಹೊರಟುಹೋದಳು.

ನನ್ನ ಮದುವೆ ಚೆನ್ನಾಗಿಯೇ ಆಯಿತು. ಗಂಗಾಧರಯ್ಯನವರ ಮುದ್ರಣಾಲಯದಲ್ಲಿ ಡಬ್ಬಿಗಳಿಗೆ ಅಂಟಿಸುವ ಚೀಟಿಗಳನ್ನು ಅಚ್ಚು ಹಾಕುತ್ತಿದ್ದರು. ಮನೆಯ ಕೆಳಗೆ ಯಂತ್ರ, ಮೇಲೆ ನಾವು. ಅತ್ತೆ ನೆಂಟರ ಮುಂದೆ ನನ್ನನ್ನು ಕರೆದು ನಿಲ್ಲಿಸುತ್ತಿದ್ದರು. ನಮ್ಮ ಮನೆಯವರು ಒಳ್ಳೆಯವರು, ಗಟ್ಟಿಯಾಗಿ ಮಾತಾಡಿದವರಲ್ಲ. ನನಗೆ ಹೊಸ ಸೀರೆ ತಂದಾಗಲೆಲ್ಲ ಬೆಳಕಿಗೆ ಕರೆದು, "ನಿನ್ನ ಬಣ್ಣಕ್ಕೆ ಒಪ್ಪುತ್ತೆ," ಎನ್ನುತ್ತಿದ್ದರು. ಆ ಮಾತು ಕೇಳಿದಾಗ ಮೊದಮೊದಲು ಅಕ್ಕ ನೆನಪಾಗುತ್ತಿದ್ದಳು. ವರ್ಷ ಕಳೆದ ಹಾಗೆ ಅದೂ ನಿಂತಿತು.

ಅಕ್ಕನನ್ನು ನೋಡಲು ಎರಡು ಕಡೆಯವರು ಬಂದು ಕಾಫಿ ಕುಡಿದು ಹೋದರು. ಮೂರನೆಯವರು ಬರಲಿಲ್ಲ. ಅವಳಿಗಾಗಿ ಕೈ ಹಿಡಿಯುವವರು ಯಾರಿದ್ದರು? ಅವ್ವ ನನ್ನ ಮದುವೆಯಾದ ನಾಲ್ಕನೇ ವರ್ಷ ತೀರಿಕೊಂಡಳು. ಉಳಿದವಳು ನಾನೊಬ್ಬಳೇ, ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಕ್ಕ ಕೆಳಗಿನ ಬೀದಿಯ ಅದೇ ಮನೆಯಲ್ಲಿ ಒಬ್ಬಳೇ ಇದ್ದು, ಸಾರದ ಮನೆಯ ಪರೀಕ್ಷೆಗೆಲ್ಲ ಹಿರಿಯಳಾದಳು. ಹಬ್ಬಕ್ಕೆ ನಾನು ಹೋಗಿಬರುತ್ತಿದ್ದೆ. ಅವಳು ಮೇಲಿನ ಬೀದಿಗೆ ಬರುತ್ತಿರಲಿಲ್ಲ. ನನ್ನ ಮಗಳು ಕಾತ್ಯಾಯಿನಿ ಮಾತ್ರ ಶಾಲೆ ಬಿಟ್ಟ ಮೇಲೆ ನೇರವಾಗಿ ದೊಡ್ಡವ್ವನ ಹತ್ತಿರ ಹೋಗಿ, ಬದನೆ ಹೋಳುಗಳ ಪಕ್ಕ ಕೂತು ಲೆಕ್ಕ ಮಾಡಿಕೊಂಡು ಬರುತ್ತಿದ್ದಳು.

ಕಾತಿಗೆ ಇಪ್ಪತ್ತು ತುಂಬಿದಾಗ ಸಂಬಂಧ ಬಂತು. ಹುಡುಗ ಸಂಭಾವಿತ, ಮನೆ ಅನುಕೂಲವಾಗಿತ್ತು. ಕಾತಿ ನನ್ನ ಮೊದಲಿನ ಬಣ್ಣವನ್ನೇ ಹೊತ್ತು ಹುಟ್ಟಿದವಳು. ತೊಳೆದದ್ದು ಬಸಿರಿಗೆ ಇಳಿಯುವುದಿಲ್ಲ. ಹುಡುಗನ ತಾಯಿ ಹೊರಡುವಾಗ ಹೊಸಿಲ ಹತ್ತಿರ ನಿಂತು, "ಕೂರಿಸ್ತೀರಲ್ವಾ?" ಎಂದರು. ನಾನು ಹೂಂ ಎಂದೆ. ಯಾರು ಕೈ ಹಿಡಿಯುತ್ತಾರೆಂದು ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಮಾರನೆಯ ದಿನ ಹೋಳಿಗೆ ಮಾಡಿಕೊಂಡು ಸಾರದ ಮನೆಗೆ ಹೋದೆ. ಅಕ್ಕ ಕಿಟಕಿಯ ಪಕ್ಕದ ಮೇಜಿನ ಹತ್ತಿರ ಕೂತಿದ್ದಳು. ಮುಂದೆ ಹತ್ತೋ ಹನ್ನೆರಡೋ ಹೋಳುಗಳು ಸಾಲಾಗಿದ್ದವು. ಅವಳು ತಲೆ ಎತ್ತದೆ, "ಕೂತ್ಕೋ ಮಂಗಳಿ, ಇದೊಂದು ನೋಡಿಬಿಡ್ತೀನಿ," ಎಂದಳು. ನನ್ನ ಪೂರ್ತಿ ಹೆಸರು ಸರ್ವಮಂಗಳ. ಮಂಗಳಿ ಎನ್ನುವವಳು ಅವಳೊಬ್ಬಳೇ ಉಳಿದಿದ್ದಳು. ಹೋಳುಗಳ ಕೆಲಸ ಮುಗಿದ ಮೇಲೆ ನಾನು ವಿಷಯ ಹೇಳಿದೆ. ಮನೆತನ ಹೇಳಿದೆ, ಹುಡುಗನ ಗುಣ ಹೇಳಿದೆ. ಕಡೆಯಲ್ಲಿ, "ಮುಂದಿನ ಶುಕ್ರವಾರ ಅಂದ್ಕೊಂಡಿದೀವಿ. ನೀನು ಒಂದು ದಿನ ಮೊದಲೇ ಬಂದುಬಿಡಕ್ಕ," ಎಂದೆ.

"ನಾನು ಹಿಡಿಯಲ್ಲ," ಎಂದಳು ಅಕ್ಕ.

ದನಿಯಲ್ಲಿ ಸಿಟ್ಟಿರಲಿಲ್ಲ. ಈ ಹಂಡೆ ಆಗಲ್ಲ, ಮತ್ತೆ ಬತ್ತಿಸಿ ಎಂದು ಹೇಳುವ ದನಿ ಅದು.

"ಕಾತಿ ಅಂದ್ರೆ ನಿನಗೆ ಪ್ರಾಣ ಅಲ್ವಾ?"

"ಪ್ರಾಣವೇ. ಅವಳಿಂದ ಏನೂ ಇಳಿಸೋ ಅಗತ್ಯ ನನಗೆ ಕಾಣಲ್ಲ. ನಿಮಗೆ ಕಂಡ್ರೆ ನೀನು ಹಿಡಿ. ನೀನು ತಾಯಿ ಅಲ್ವಾ?"

ನಾನು ಹಿಡಿಯಬಹುದು ಎನ್ನುವುದು ಅಷ್ಟು ಸರಳವಾದ ಮಾತು. ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಅಕ್ಕ ನನ್ನ ಮುಖವನ್ನು ನೋಡುತ್ತಲೇ ಇದ್ದಳು. ನಾಚಿಕೆಯಾಗಿ ನಾನು, "ಹಿಡೀತೀನಿ. ಹಿಡೀದೆ ಏನು," ಎಂದು ಎದ್ದೆ. ಹೋಳಿಗೆಯ ಡಬ್ಬಿ ಅಲ್ಲೇ ಬಿಟ್ಟು ಬಂದೆ.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿನ್ನಿಷ್ಟ," ಎಂದರು. ಕಾತಿ, "ಬೇಡವ್ವ, ದೊಡ್ಡವ್ವ ಒಲ್ಲೆ ಅಂದ್ಮೇಲೆ ಬಿಟ್ಟುಬಿಡು," ಎಂದಳು. ನಾನು ಬಿಡಲಿಲ್ಲ. ಆ ಒಂದು ವಾರ ನಾನು ಎಂದೂ ಇಲ್ಲದಷ್ಟು ಹಗುರವಾಗಿದ್ದೆ. ಮಗಳಿಗಾಗಿ ಕೊಡಲು ನನ್ನ ಹತ್ತಿರವೂ ಏನೋ ಇದೆ ಎಂದು ಹೆಮ್ಮೆಯಾಗುತ್ತಿತ್ತು. ನನಗೆ ಮನಸ್ಸಿತ್ತು. ಈಗಲೂ ಯಾರಾದರೂ ಕೇಳಿದರೆ ಇತ್ತು ಎಂದೇ ಹೇಳುತ್ತೇನೆ.

ಶುಕ್ರವಾರ ಹುಡುಗನ ತಾಯಿಯೂ ಬಂದಿದ್ದರು. ಹಜಾರದಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಕೆಳಗೆ ಯಂತ್ರ ನಿಲ್ಲಿಸಿದ್ದರಿಂದ ಮನೆ ಸದ್ದಿಲ್ಲದೆ ಇತ್ತು. ಕಾತಿ ಸಾರ ಹಚ್ಚಿಸಿಕೊಂಡು ಕೂತಳು. ನಾನು ಅವಳ ಮಣಿಕಟ್ಟು ಹಿಡಿದೆ. ನಾಡಿ ಬಡಿಯುವುದು ನನ್ನ ಬೆರಳಿಗೆ ತಾಗುತ್ತಿತ್ತು. ಒಳ್ಳೆಯದಾಗಲಿ, ನನ್ನ ಮಗಳಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹೇಳುತ್ತ ಕೂತೆ. ಸಾರ ಒಣಗಿ ಬಿರುಕು ಬಿಡುವವರೆಗೂ ಹೇಳಿದೆ.

ನೀರು ಸುರಿದರು. ಸಾರ ಹರಿದು ತಾಮ್ರದ ತಟ್ಟೆಗೆ ಬಿತ್ತು. ಅದರ ಕೆಳಗಿಂದ ಕಾತಿಯ ಮುಖ ಬಂತು, ಹಿಂದಿನ ದಿನ ಹೇಗಿತ್ತೋ ಹಾಗೇ.

ಸಾರ ಹಚ್ಚುವ ಮುದುಕಿ ಇನ್ನೊಂದು ಚೊಂಬು ಸುರಿದಳು, ಮತ್ತೊಂದು ಸುರಿದಳು. ಕಾತಿ ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನ ಕೈ ನೋಡಿದಳು. ಅದು ಬೆಳ್ಳಗೇ ಇತ್ತು. ಹುಡುಗನ ತಾಯಿ ಸೆರಗು ಸರಿಪಡಿಸಿಕೊಂಡು, ಮನೆಯಲ್ಲಿ ಕೆಲಸವಿದೆ ಎಂದು ಎದ್ದರು. ಕಾತಿ ತನ್ನ ಮಣಿಕಟ್ಟನ್ನು ನನ್ನ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡಳು. ನಾನು ಇನ್ನೂ ಹಿಡಿದುಕೊಂಡೇ ಇದ್ದೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು.

ಸಂಬಂಧ ತಪ್ಪಿತು. ಅದಕ್ಕೆ ಕಾತಿ ಅಳಲಿಲ್ಲ. ಆ ಹುಡುಗನನ್ನು ಅವಳು ಎರಡು ಸಲ ನೋಡಿದ್ದಳು ಅಷ್ಟೆ. ಆದರೆ ಅಂದಿನಿಂದ ಅವಳು ನನ್ನ ಹತ್ತಿರ ತಲೆ ಬಾಚಿಸಿಕೊಳ್ಳುವುದನ್ನು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವ್ವ ಎಂದು ಕರೆಯುವ ಸಂದರ್ಭವೇ ಬಾರದ ಹಾಗೆ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು. ಬೀದಿಯಲ್ಲಿ ನನ್ನನ್ನು ಕಂಡ ಹೆಂಗಸರು ಎಂದಿನಂತೆ ನಗುತ್ತಿದ್ದರು. ಅವರ ಕಣ್ಣು ಮಾತ್ರ ನನ್ನ ಕೈ ಮೇಲೆ ಒಂದು ಸಲ ಹೋಗಿ ಬರುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಮನೆಯವರು ನಾನು ಸುಮ್ಮನೆ ಕೂತಿದ್ದನ್ನು ನೋಡಿ ಸಮಾಧಾನ ಹೇಳಲು ಬಂದರು. "ಹೋಗ್ಲಿ ಬಿಡು ಮಂಗಳಾ. ನಿನ್ನ ಮುಖವಾದ್ರೂ ಹಾಗೇ ಉಳೀತಲ್ಲ," ಎಂದರು.

ಪ್ರೀತಿಯಿಂದಲೇ ಹೇಳಿದರು. ಅವರು ಕೈ ತೊಳೆದು ಕೆಳಗೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಆ ಶುಕ್ರವಾರ ನಾನು ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತಿದ್ದೆ, ಕೈ ಏನು ಕೇಳಿಸಿಕೊಳ್ಳುತ್ತಿತ್ತು ಎನ್ನುವುದು ನನಗೆ ಆಗ ತಿಳಿಯಿತು. ಸೀರೆ ಹಿಡಿದು ಬೆಳಕಿಗೆ ಕರೆಯುವ ಈ ಮನುಷ್ಯ, ನೆಂಟರ ಮುಂದೆ ನಿಲ್ಲಿಸುತ್ತಿದ್ದ ಅತ್ತೆ, ಮೇಲಿನ ಬೀದಿ, ಈ ಮನೆ. ಇವೆಲ್ಲ ನನಗೆ ಯಾವುದರಿಂದ ಬಂದವೋ ಅದನ್ನು ಬಿಟ್ಟುಕೊಟ್ಟರೆ ಇವುಗಳಲ್ಲಿ ಎಷ್ಟು ನನ್ನ ಜೊತೆ ಉಳಿಯುತ್ತವೆ ಎಂದು ನಾನು ಎಂದೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ನನ್ನ ಕೈಗೆ ಆ ಭಯ ಮೊದಲೇ ಗೊತ್ತಿತ್ತು.

ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಬೀದಿಗೆ ನಡೆದೆ. ಅಂದು ಸಾರದ ಮನೆಗೆ ರಜೆ. ಅಕ್ಕ ಹಿತ್ತಿಲಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದಳು. ನಾನು ಪಕ್ಕದ ಕಲ್ಲಿನ ಮೇಲೆ ಕೂತೆ.

"ಏರಲಿಲ್ಲ ಅಂತ ಗೊತ್ತಾಯ್ತು," ಎಂದಳು.

"ಕಾತಿ ಹೇಳಿದ್ಲಾ?"

"ಊರೇ ಹೇಳ್ತು."

ಸ್ವಲ್ಪ ಹೊತ್ತು ಇಬ್ಬರೂ ಸೊಪ್ಪು ಸೋಸಿದೆವು. ಆಮೇಲೆ ನಾನು ಕೇಳಲೆಂದೇ ಬಂದದ್ದನ್ನು ಕೇಳಿದೆ. "ಅಕ್ಕ, ನಿನಗೆ ಹೇಗೆ ಮನಸ್ಸು ಬಂತು?"

ಅವಳು ಕೈಯಲ್ಲಿದ್ದ ದಂಟನ್ನು ಮುರಿದು ಪಕ್ಕಕ್ಕಿಟ್ಟಳು. "ಆವತ್ತು ನಾನು ಏನು ಬೇಡ್ಕೊಳ್ತಾ ಇದ್ದೆ ಗೊತ್ತಾ ನಿನಗೆ? ಏರಬಾರ್ದು ಅಂತ. ನಿನ್ನ ಕೈ ಹಿಡ್ಕೊಂಡು ಕಣ್ಣು ಮುಚ್ಕೊಂಡು ಅದೊಂದನ್ನೇ ಹೇಳ್ತಿದ್ದೆ. ಅವ್ವನಿಗೆ ಇಲ್ಲ ಅನ್ನೋ ಧೈರ್ಯ ನನಗಿರ್ಲಿಲ್ಲ. ಕೈಯೇ ಇಲ್ಲ ಅನ್ಲಿ, ಆಗ ನನ್ನ ಮೇಲೆ ತಪ್ಪು ಬರಲ್ಲ ಅಂದ್ಕೊಂಡಿದ್ದೆ. ನೀರು ಬಿದ್ಮೇಲೆ ಕಣ್ಣು ಬಿಟ್ಟು ನೋಡಿದ್ರೆ, ಒಂದಿಷ್ಟೂ ಬಿಡದ ಹಾಗೆ ಏರಿತ್ತು."

"ಹಾಗಾದ್ರೆ ಮನಸ್ಸಿಲ್ಲದ ಕೈಗೂ ಏರುತ್ತಾ?"

"ಇಲ್ಲ. ಏರದೇ ಇರೋದನ್ನ ಎಷ್ಟು ಮನೇಲಿ ನೋಡಿಲ್ಲ ನಾನು. ನನಗೆ ಬೇಡ ಅಂತಿತ್ತು, ಕೈಗೆ ಬೇಕು ಅಂತಿತ್ತು. ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದ ಕೈ ಅದು. ನನ್ನ ಮಾತು ಕೇಳಲಿಲ್ಲ." ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ನನಗೆ ಬಹಳ ವರ್ಷ ಸಿಟ್ಟಿದ್ದದ್ದು ನಿನ್ನ ಮೇಲಲ್ಲ ಮಂಗಳಿ. ಈ ಕೈ ಮೇಲಿತ್ತು."

ನಾನು ಅತ್ತುಬಿಟ್ಟೆ. ಅವಳು ಅಳಲು ಬಿಟ್ಟಳು, ಸುಮ್ಮನಿರು ಎನ್ನಲಿಲ್ಲ. ಅಳು ನಿಂತ ಮೇಲೆ ನಾನು, "ನೀನು ಕೂತ್ಕೋ ಅಕ್ಕ. ನಾನು ಹಿಡೀತೀನಿ. ನಂದು ನಂಗೆ ವಾಪಸ್ ಕೊಟ್ಟುಬಿಡು," ಎಂದೆ.

"ಬೇಡ."

"ಮತ್ತೆ ಏರಲ್ಲ ಅಂತಾನಾ?"

"ಅದಕ್ಕಲ್ಲ. ನಿಂದಾಗಿತ್ತು, ಸರಿ. ಇಪ್ಪತ್ತೆರಡು ವರ್ಷದಿಂದ ಇದು ನಂದು. ಇದೇ ಮೈಯಲ್ಲಿ ದುಡಿದಿದೀನಿ, ಉಂಡಿದೀನಿ, ಅವ್ವನ್ನ ಕಳಿಸಿಕೊಟ್ಟಿದೀನಿ. ಕನ್ನಡೀಲಿ ನೋಡಿದ್ರೆ ನಾನೇ ಕಾಣೋದು. ನಿನಗೆ ಸಮಾಧಾನ ಆಗ್ಲಿ ಅಂತ ಇದನ್ನ ನಾನ್ಯಾಕೆ ಬಿಡ್ಲಿ?"

ಅವಳು ಸೊಪ್ಪನ್ನು ಮೊರಕ್ಕೆ ಹಾಕಿಕೊಂಡು ಒಳಗೆ ಹೋದಳು. ನಾನು ಹೊರಡಬೇಕೆಂದು ಎದ್ದು ಬಾಗಿಲವರೆಗೂ ಬಂದಿದ್ದೆ. ಅಡುಗೆಮನೆಯಿಂದಲೇ ಅವಳ ದನಿ ಬಂತು.

"ಒಂದು ಇದೆ."

ಹೊರಗೆ ಬಂದು ಎಡಗೈಯನ್ನು ನನ್ನ ಮುಂದೆ ಚಾಚಿದಳು. "ಇಲ್ಲಿ, ಮಣಿಕಟ್ಟಿಗೂ ಮೊಳಕೈಗೂ ಮಧ್ಯೆ, ಹಚ್ಚೆ ಇತ್ತು. ನೆನಪಿದೆಯಾ?"

ನನಗೆ ನೆನಪಿರಲಿಲ್ಲ.

"ನೀನು ಚಿಕ್ಕವಳು ಆಗ. ಹಚ್ಚೆಯವಳು ಬಂದಿದ್ಲು. ಅವ್ವ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಬಳ್ಳಿ ಹಾಕಿಸಿದ್ಲು. ಮೂರು ಎಲೆ ಆಯ್ತು. ನಾಲ್ಕನೇದು ಹಾಕೋವಾಗ ತಡೀಲಾರ್ದೆ ಕೊಸರಿಕೊಂಡು ಓಡಿಬಿಟ್ಟೆ. ಅವ್ವ ಬೀದಿ ತುಂಬ ಓಡಿಸ್ಕೊಂಡು ಬಂದ್ಲು, ಸಿಕ್ಕಲಿಲ್ಲ. ಆಮೇಲೆ ಕೂತು ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವ್ವ ಅಷ್ಟು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ." ಅವಳು ಆ ಜಾಗವನ್ನು ಹೆಬ್ಬೆರಳಿಂದ ಸವರಿದಳು. "ನಿನ್ನ ಬಣ್ಣ ಏರಿದ್ಮೇಲೆ ಮುಚ್ಚಿಹೋಯ್ತು. ಬಿಸಿಲಲ್ಲಿ ಹಿಡಿದ್ರೂ ಕಾಣಲ್ಲ. ಆ ನಾಲ್ಕನೇ ಎಲೆ ಅರ್ಧ ಆಗಿತ್ತೋ, ಮುಕ್ಕಾಲು ಆಗಿತ್ತೋ, ನನಗೆ ಮರೆತೇ ಹೋಗಿದೆ. ಅದೊಂದನ್ನ ನೋಡಬೇಕು. ಅಷ್ಟು ಜಾಗಕ್ಕೆ ಹಿಡೀತೀಯಾ?"

ಮರುದಿನ ಬೆಳಿಗ್ಗೆ ಹೋದೆ. ಅಕ್ಕ ಸಾರಕ್ಕೆ ನೀರು ಬೆರೆಸಿ, ಬೇರೆ ಬೇರೆ ಹದದಲ್ಲಿ ಐದಾರು ಬಟ್ಟಲು ಮಾಡಿ, ಒಂದೊಂದನ್ನೂ ಹೋಳಿನ ಮೇಲೆ ನೋಡಿ ಇಟ್ಟಿದ್ದಳು. "ನಿಂದು ಮಾತ್ರ ಇಳೀಬೇಕು. ಅವ್ವ ಕೊಟ್ಟ ಬಣ್ಣ ಇಳೀಬಾರ್ದು," ಎಂದು ಕಡೆಗೆ ಒಂದು ಬಟ್ಟಲು ಆರಿಸಿದಳು. ಮುದುಕಿಯನ್ನು ಕರೆಸಲಿಲ್ಲ. ಎಡಗೈಗೆ ತಾನೇ ಮಣಿಕಟ್ಟಿನಿಂದ ಮೊಳಕೈವರೆಗೆ ಸವರಿಕೊಂಡು ನನ್ನ ಮುಂದೆ ಇಟ್ಟಳು. ನಾನು ಬಲಗೈಯಿಂದ ಅವಳ ಮಣಿಕಟ್ಟು ಹಿಡಿದೆ. ಈ ಸಲ ನಾನು ಏನೂ ಹೇಳಿಕೊಳ್ಳಲಿಲ್ಲ. ಏರಲಿ ಎಂದೂ ಬೇಡಲಿಲ್ಲ. ನನ್ನ ಮಾತಿಗೆ ಏನು ಬೆಲೆ ಎಂದು ನೋಡಿಯಾಗಿತ್ತು. ಅವಳ ಉಗುರಿನ ಅಂಚಿನಲ್ಲಿ ಬೇರಿನ ಹಳದಿ ಕೂತಿತ್ತು. ಹೆಬ್ಬೆರಳ ಬುಡದಲ್ಲಿ ಕತ್ತಿ ತಾಗಿದ ಗಾಯದ ಗೆರೆಗಳು ಒಂದರ ಪಕ್ಕ ಒಂದು ಇದ್ದವು. ಅವನ್ನೇ ನೋಡುತ್ತ ಕೂತೆ. ಬೀದಿಯಲ್ಲಿ ಯಾರೋ ಬಳೆ ಮಾರಿಕೊಂಡು ಹೋದರು.

"ಸಾಕು," ಎಂದು ಅವಳೇ ಚೊಂಬೆತ್ತಿ ನೀರು ಸುರಿದಳು.

ಮೊದಲು ನನ್ನ ಕೈ ನೋಡುವ ಧೈರ್ಯ ನನಗಾಗಲಿಲ್ಲ. ಅವಳ ಕೈ ನೋಡಿದೆ. ಕಡಲೆಬೀಜದ ಸಿಪ್ಪೆಯ ಕೆಂಪು, ಅದರ ಮೇಲೆ ಹಸಿರು ಬಳ್ಳಿ. ಒಂದು ಎಲೆ, ಎರಡು, ಮೂರು. ಅಕ್ಕ ಕೈಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು.

"ಅರ್ಧವೂ ಆಗಿಲ್ಲ. ಬರೀ ತೊಟ್ಟು," ಎಂದಳು. "ಎಂಥ ಹೆದರುಪುಕ್ಕಲಿ ಇದ್ದೆ ನಾನು."

ಹೀಗೆ ಹೇಳಿ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆಗ ನನ್ನ ಬಲಗೈ ತಿರುಗಿಸಿ ನೋಡಿದೆ. ಮಣಿಕಟ್ಟಿನಿಂದ ಮೊಳಕೈವರೆಗೆ ಅಪ್ಪನ ಬಣ್ಣ ಬಂದು ಕೂತಿತ್ತು. ಅಕ್ಕ ನನ್ನ ಕೈಯನ್ನು ತನ್ನ ಕೈಯ ಪಕ್ಕ ಇಟ್ಟು, ಬೆಳಕಿಗೆ ಓರೆ ಮಾಡಿ ಪರೀಕ್ಷಿಸಿ, "ಪೂರ್ತಿ ಏರಿದೆ," ಎಂದಳು. ಹಂಡೆಯ ಬಗ್ಗೆ ಹೇಳುವ ಹಾಗೆಯೇ ಹೇಳಿದಳು, ಹೆಚ್ಚಿಲ್ಲ ಕಡಿಮೆಯಿಲ್ಲ. ಆಮೇಲೆ ಇಬ್ಬರೂ ಅಕ್ಕಿರೊಟ್ಟಿ ತಿಂದೆವು.

ಮನೆಗೆ ಬಂದಾಗ ಯಂತ್ರ ಓಡುತ್ತಿತ್ತು. ನಮ್ಮ ಮನೆಯವರು ಚೀಟಿಗಳ ಕಟ್ಟು ಹಿಡಿದು ಬಾಗಿಲಲ್ಲೇ ಸಿಕ್ಕಿದರು. ನನ್ನ ಕೈ ನೋಡಿ ಬಾಯಿ ತೆರೆದರು, ಮುಖ ನೋಡಿದರು, ಏನೂ ಕೇಳದೆ ದಾರಿ ಬಿಟ್ಟರು. ಅವರು ಆ ಸಂಗತಿಗೆ ಒಗ್ಗಿಕೊಳ್ಳಲು ಬಹಳ ದಿನ ಹಿಡಿಯಿತು. ಒಂದಷ್ಟು ಕಾಲ ಉದ್ದ ತೋಳಿನ ಕುಪ್ಪಸದ ಬಟ್ಟೆ ತಂದುಕೊಟ್ಟರು. ನಾನು ಹೊಲಿಸಲಿಲ್ಲ, ಅವರು ತರುವುದನ್ನು ನಿಲ್ಲಿಸಿದರು.

ಕಾತಿ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಎದುರಿಗೆ ಕೂತು ಒಂದು ಸೀರೆಯ ತುದಿ ಹಿಡಿದುಕೊಂಡೆ. ಅವಳ ಕಣ್ಣು ನನ್ನ ಕೈ ಮೇಲೆ ನಿಂತಿತು.

"ದೊಡ್ಡವ್ವ ಕೂತಿದ್ಲಾ?"

"ಕೈಯಷ್ಟೇ."

"ಏರಿದೆ," ಎಂದಳು.

ದೊಡ್ಡವ್ವನಿಗಾಗಿ ಏರಿತು, ನನಗಾಗಿ ಏರಲಿಲ್ಲ ಎನ್ನುವುದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮಡಚಿದ ಸೀರೆಯನ್ನು ಅವಳು ಪಕ್ಕಕ್ಕಿಟ್ಟಳು. ನಾನು ಅಕ್ಕನಿಗೂ ಹೇಳದ್ದನ್ನು ಹೇಳಲು ಶುರು ಮಾಡಿದೆ.

"ಕಾತಿ, ಆವತ್ತು ನನಗೆ ಭಯ ಇತ್ತು. ಈ ಮುಖ ಹೋದ್ರೆ ಈ ಮನೇಲಿ ನನ್ನದು ಅಂತ ಏನು ಉಳಿಯುತ್ತೆ ಅನ್ನೋ ಭಯ. ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಇದನ್ನ ನೀನು ನಂಬಲೇಬೇಕು ಅಂತ ನಾನು ಹೇಳಲ್ಲ. ಪ್ರೀತಿಗಿಂತ ಭಯ ಹೆಚ್ಚಿತ್ತು. ಅಷ್ಟೆ."

ಕೆಳಗೆ ಯಂತ್ರ ಒಂದೇ ಸಮನೆ ಬಡಿಯುತ್ತಿತ್ತು.

"ಇದನ್ನ ಮೊದಲೇ ಹೇಳಿದ್ರೆ ನಾನು ಕೂರ್ತಾನೇ ಇರ್ಲಿಲ್ಲ," ಎಂದಳು.

"ನನಗೇ ಗೊತ್ತಿರ್ಲಿಲ್ಲ."

"ನನಗೂ ಭಯ ಇತ್ತವ್ವ," ಎಂದಳು ಕಾತಿ. ಎಷ್ಟೋ ದಿನಗಳ ಮೇಲೆ ಆ ಮಾತು ಅವಳ ಬಾಯಲ್ಲಿ ಬಂದಿತ್ತು. "ಅದು ಏರಿಬಿಟ್ರೆ, ಆಮೇಲೆ ಜೀವಮಾನ ಪೂರ್ತಿ ನಿನ್ನ ಮುಖ ಹೇಗೆ ನೋಡೋದು ಅಂತ. ನೀರು ಹಾಕಿ ಏನೂ ಆಗ್ಲಿಲ್ಲ ಅಂದಾಗ ನನಗೆ ಸಿಟ್ಟೂ ಬಂತು, ಉಸಿರೂ ಬಂತು. ಯಾವುದನ್ನ ನಿನಗೆ ಹೇಳಬೇಕು ಅಂತ ಗೊತ್ತಾಗದೆ ಮಾತೇ ಬಿಟ್ಟೆ."

ಅವಳು ಇನ್ನೊಂದು ಸೀರೆ ಕೊಡವಿ ಅದರ ತುದಿಯನ್ನು ನನ್ನ ಕಡೆಗೆ ಚಾಚಿದಳು. ಇಬ್ಬರೂ ಎಳೆದು ಹಿಡಿದು, ಮಡಚಿ, ಹತ್ತಿರ ಬಂದು, ಮತ್ತೆ ಮಡಚಿದೆವು.

ನಾನು ಇಪ್ಪತ್ತೆರಡು ವರ್ಷ ಅಕ್ಕನ ಮುಖವನ್ನು ಹೇಗೆ ನೋಡಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ: ನೋಡಲಿಲ್ಲ.